ಮೂವತ್ತೆರಡು ಮರಪಟ್ಟಿ

ನೀರ್ಕಜೆ ಯು.ಪಿ. ಶಾಲೆಯ ಗುಣಪಾಲ ಮಾಸ್ಟ್ರಿಗೆ ಮಲಯಾಳ ಚೆನ್ನಾಗಿ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವರು ಯಾರೆಂದು ಈಗ ಹೇಳುವುದು ಕಷ್ಟ. ಆದರೆ ಅದನ್ನು ಅಲ್ಲಗಳೆಯದೆ ಹನ್ನೊಂದು ವರ್ಷ ಜೋಪಾನವಾಗಿ ಸಾಕಿಕೊಂಡು ಬಂದವರು ಸ್ವತಃ ಗುಣಪಾಲ ಮಾಸ್ಟ್ರೇ.

ಕಾಸರಗೋಡಿನ ಮೀಂಜದ ಆಚೆಗಿರುವ ಈ ಶಾಲೆಯಿಂದ ಎರಡು ಗುಡ್ಡ ದಾಟಿದರೆ ಕರ್ನಾಟಕ. ಇಲ್ಲಿಯ ಮಕ್ಕಳು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಮಲಯಾಳ ಬರುವುದು ಅಂಚೆಯಲ್ಲಿ. ತಿರುವನಂತಪುರದಿಂದ ಹೊರಟ ಸುತ್ತೋಲೆ ಶಾಲೆಗೆ ಬಂದು ಬಿದ್ದರೆ ಅಧ್ಯಾಪಕರು ಅದನ್ನು ಬಿಸಿ ಪಾತ್ರೆಯ ಹಾಗೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಗುಣಪಾಲ ಮಾಸ್ಟ್ರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೊಂದು ಕಾಗದ ಕೊನೆಗೆ ಅವರ ಕೈಗೆ ಬಂತು. ಅವರು ಕನ್ನಡಕ ಏರಿಸಿ, ಕಾಗದವನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ರಜೆ" ಎಂದರು. ಮರುದಿನ ನಿಜವಾಗಿಯೂ ರಜೆ ಇತ್ತು. ಈ ವಿಷಯವನ್ನು ಅವರು ಬೆಳಿಗ್ಗೆ ಉಪ್ಪಳದ ಬಸ್ಸಿನಲ್ಲಿ ಯಾರದೋ ಬಾಯಿಂದ ಕೇಳಿದ್ದರು ಎಂಬುದನ್ನು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅಂದಿನಿಂದ ಶಾಲೆಯ ಮಲಯಾಳ ವ್ಯವಹಾರವೆಲ್ಲ ಅವರ ತಲೆಗೆ ಬಂತು.

ಮಾತಾಡುವುದಕ್ಕೆ ಅವರದೊಂದು ಕ್ರಮವಿತ್ತು. ಕನ್ನಡದ ವಾಕ್ಯವನ್ನೇ ತೆಗೆದುಕೊಂಡು ಅದರ ಬಾಲಕ್ಕೆ, ಮಲಯಾಳದಲ್ಲಿ 'ಆಗಿದೆ' ಎಂಬರ್ಥದ 'ಆಣ್' ಸೇರಿಸುವುದು. ಎದುರಿನವರಿಗೆ ಅರ್ಥವಾಗದಿದ್ದರೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುವುದು.

2013ರ ನವಂಬರಿನಲ್ಲಿ ಅರಣ್ಯ ಇಲಾಖೆಯಿಂದ ಒಂದು ಕಾಗದ ಬಂತು. ಹೆಡ್ಮಾಸ್ಟರ್ ಅಬ್ದುಲ್ ಹಮೀದರು ಮಗಳ ಮದುವೆಗೆಂದು ರಜೆಯಲ್ಲಿದ್ದುದರಿಂದ ಶಾಲೆಯ ಇನ್‌ಚಾರ್ಜ್ ಕೂಡ ಗುಣಪಾಲ ಮಾಸ್ಟ್ರದೇ ಆಗಿತ್ತು. ಕಾಗದದಲ್ಲಿ ಸಂಸ್ಕೃತ ಶಬ್ದಗಳು ಧಾರಾಳವಾಗಿದ್ದುದರಿಂದ ಅವರಿಗೆ ಹೆಚ್ಚಿನದೆಲ್ಲ ತಿಳಿಯಿತು. ಏಳನೇ ತರಗತಿಯ ಮಕ್ಕಳನ್ನು ಕಾಡಿಗೂ ಕೆರೆಗೂ ಕರೆದುಕೊಂಡು ಹೋಗಿ ಪ್ರಕೃತಿಯ ಪಾಠ ಮಾಡಬೇಕು, ಕಂಡದ್ದನ್ನು ಬರೆಸಬೇಕು, ಆಮೇಲೆ ಇಲಾಖೆಗೆ ವರದಿ ಕೊಡಬೇಕು.

ಶನಿವಾರ ಬೆಳಿಗ್ಗೆ ಮೂವತ್ತೆರಡು ಮಕ್ಕಳನ್ನು ಸಾಲು ಮಾಡಿಕೊಂಡು ಅವರು ಪದವು ಎನ್ನುವ ಬೋಳುಗುಡ್ಡ ಹತ್ತಿದರು. ಪದವಿನ ನೆತ್ತಿಯಲ್ಲಿ ಮುರಕಲ್ಲಿನ ನಡುವೆ ಒಂದು ಕೆರೆ. ಊರವರು ಅದನ್ನು ಪಳ್ಳ ಎನ್ನುತ್ತಾರೆ. ಪಳ್ಳದ ಆಚೆ ದಡದಿಂದ ಸರಕಾರಿ ಕಾಡು ಶುರು. ದಾರಿ ತೋರಿಸಲು ಕಾಡಿನಿಂದ ಸೊಪ್ಪು ತಂದು ಮಾರುವ ಮುದುಕ ಬೋಜ ಬಂದಿದ್ದ.

ನೀರಿನಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ದಡದ ಮೇಲೆ ಒಂದು ಮಿಂಚುಳ್ಳಿ ಕಾಯುತ್ತಿತ್ತು. ಗುಣಪಾಲ ಮಾಸ್ಟ್ರು ಕುತ್ತಿಗೆಯಲ್ಲಿದ್ದ ಸೀಟಿಯನ್ನು ಮೂರು ಬಾರಿ ಊದಿ ಮಕ್ಕಳನ್ನು ಸುತ್ತ ನಿಲ್ಲಿಸಿದರು.

"ಪ್ರಕೃತಿಯ ಮೊದಲನೇ ಪಾಠ ಮೌನ!" ಎಂದು ಅವರು ಗುಡ್ಡಕ್ಕೆ ಕೇಳುವಂತೆ ಹೇಳಿದರು. "ಕಾಡಿನಲ್ಲಿ ಯಾರೂ ಒಂದಕ್ಷರ ಮಾತಾಡಬಾರದು! ಮಾತಾಡಿದರೆ ಪ್ರಾಣಿಪಕ್ಷಿಗಳು ಓಡಿ ಹೋಗ್ತವೆ! ಎಂತ ಕಂಡರೂ ಬಾಯಿ ಮುಚ್ಚಿ ಬರೆಯಬೇಕು!"

ಮೌನದ ಮಹತ್ವವನ್ನು ಕುರಿತು ಅವರು ಇಪ್ಪತ್ತೈದು ನಿಮಿಷ ಮಾತಾಡಿದರು. ಅಷ್ಟು ಹೊತ್ತಿಗೆ ಪಳ್ಳದಲ್ಲಿ ನೀರು ಮಾತ್ರ ಉಳಿದಿತ್ತು.

"ಮಾಸ್ಟ್ರೆ, ಇನ್ನು ಮರ ಮಾತ್ರ ತೋರಿಸ್ಲಿಕ್ಕೆ ಆದೀತಷ್ಟೆ. ಅದಕ್ಕೆ ಕಾಲಿಲ್ಲ," ಎಂದ ಬೋಜ.

ಮಾಸ್ಟ್ರಿಗೆ ಅದು ಒಳ್ಳೆಯ ಸಲಹೆ ಎನಿಸಿತು. ಪ್ರತಿಯೊಬ್ಬನೂ ತನ್ನ ಪುಸ್ತಕದಲ್ಲಿ ಮರಗಳ ಪಟ್ಟಿ ಮಾಡಬೇಕೆಂದು ಅಪ್ಪಣೆಯಾಯಿತು. ಬೋಜ ಮುಂದೆ ನಡೆದು ಹೆಸರು ಹೇಳುತ್ತಾ ಹೋದ: ಕಾಸರಕ, ರೆಂಜೆ, ತಾರೆ, ಹೆಬ್ಬಲಸು, ಪುನರ್ಪುಳಿ. ಮಾಸ್ಟ್ರು ಅವನ ಹಿಂದೆ ನಿಂತು ಅದೇ ಹೆಸರನ್ನು ಶುದ್ಧ ಉಚ್ಚಾರದಲ್ಲಿ ಪುನಃ ಹೇಳುತ್ತಾ ಪಾಠ ಮಾಡಿದರು. ರಿಝ್ವಾನಾ ಎಂಬ ಹುಡುಗಿ ನಲವತ್ತೊಂದು ಮರ ಬರೆದಳು, ಮನೆಯಲ್ಲಿ ಅವಕ್ಕೆ ಹೇಳುವ ಬ್ಯಾರಿ ಹೆಸರುಗಳೂ ಸೇರಿ. ಧನರಾಜ್ ಮಾತ್ರ ಎಲ್ಲರಿಗಿಂತ ಹಿಂದೆ ಬಿದ್ದು, ತಲೆ ಮೇಲೆತ್ತಿ ನಡೆದು, ಪುಸ್ತಕದೊಂದಿಗೆ ಪಳ್ಳಕ್ಕೆ ಬಿದ್ದ. ಅವನನ್ನು ಎತ್ತಲು ಹೋದವನ ಪುಸ್ತಕವೂ ನೀರಿಗೆ ಹೋಯಿತು.

ಮಧ್ಯಾಹ್ನ ಶಾಲೆಗೆ ಮರಳಿ, ಒದ್ದೆಯಾದ ಎರಡನ್ನು ಬಿಸಿಲಿಗಿಟ್ಟು ಒಣಗಿಸಿ, ಮೂವತ್ತೆರಡು ಪುಸ್ತಕಗಳ ಮೇಲೂ ಮಾಸ್ಟ್ರು ತಮ್ಮ ಮುದ್ದಾದ ಅಕ್ಷರದಲ್ಲಿ 'ಮರಪಟ್ಟಿ' ಎಂದು ಬರೆದರು. ಎಲ್ಲವನ್ನೂ ಕಟ್ಟಿ ಆಫೀಸಿನ ಕಬ್ಬಿಣದ ಕಪಾಟಿನಲ್ಲಿಟ್ಟು, ನುಸಿಗುಳಿಗೆ ಹಾಕಿ, ಬೀಗ ಜಡಿದು, ಕೀಲಿಕೈಯನ್ನು ಜನಿವಾರದಷ್ಟು ಭಕ್ತಿಯಿಂದ ಕಿಸೆಗಿಳಿಸಿದರು.

ಸೋಮವಾರ ಹತ್ತೂವರೆಗೆ ಫೋನ್ ಬಂತು. ಫೋನ್ ಮಾಡಿದವರು ಅರಣ್ಯ ಇಲಾಖೆಯ ಸೆಕ್ಷನ್ ಆಫೀಸರ್ ಶಶಿಧರನ್ ಪಿಳ್ಳೆ. ಕೊಲ್ಲದ ಕಡೆಯಿಂದ ವರ್ಗವಾಗಿ ಬಂದು ಮೂರು ವಾರವಾಗಿತ್ತಷ್ಟೆ. ಕನ್ನಡದ ಗಂಧಗಾಳಿ ಇರಲಿಲ್ಲ. ಅವರ ಮುಂದೆ ಒಂದು ಫಾರಂ ಇತ್ತು. ಕ್ಯಾಂಪಿನಲ್ಲಿ ಯಾವ ಯಾವ ಪ್ರಾಣಿ ಕಂಡಿತು ಎಂದು ಕೇಳಿ ಕೇಳಿ ತುಂಬಿಸಬೇಕಾದ ಫಾರಂ.

ಆಫೀಸಿನಲ್ಲಿ ಆಗ ಮೂವರು ಟೀಚರುಗಳೂ ಪ್ಯೂನ್ ಸುಕುಮಾರನೂ ಇದ್ದರು. ಮಾಸ್ಟ್ರು ಎಲ್ಲರಿಗೂ ಕಾಣುವ ಹಾಗೆ ಕುರ್ಚಿಯಲ್ಲಿ ಹಿಂದೆ ಒರಗಿ, "ಪರಯಿ ಸಾರ್," ಎಂದರು, ಹೇಳಿ ಎಂದು.

"ಮಯಿಲ್ ಉಂಡೋ?" ಎಂದರು ಪಿಳ್ಳೆ. ನವಿಲು ಕಂಡಿತೇ ಎಂದು ಪ್ರಶ್ನೆ. ಎಷ್ಟು ಮೈಲು ನಡೆದಿರಿ ಎಂದು ಕೇಳಿದ್ದೆಂದು ಮಾಸ್ಟ್ರು ತಿಳಿದರು.

"ಮೂನ್ನ್ ಸಾರ್!"

ಪಿಳ್ಳೆ ಮೂರು ನವಿಲು ಎಂದು ಬರೆದುಕೊಂಡರು. ಇಷ್ಟರವರೆಗೆ ಯಾರಿಗೂ ತೊಂದರೆ ಇರಲಿಲ್ಲ.

"ಮರಪ್ಪಟ್ಟಿ ಉಂಡೋ?"

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಪಟ್ಟಿ ಎಂದರೆ ಪಟ್ಟಿ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಮರಪ್ಪಟ್ಟಿ ಎಂದರೆ ಮರದ ಮೇಲಿರುವ ಪ್ರಾಣಿ, ನಾವು ಪುನುಗು ಬೆಕ್ಕು ಎನ್ನುವುದು. ಕಾಡಿನ ಈ ಬಡಪ್ರಾಣಿಯನ್ನು ಹಿಡಿದಿಟ್ಟುಕೊಂಡರೆ ಜೈಲು. ಅತ್ತ ಪಿಳ್ಳೆಗೆ ಗೊತ್ತಿದ್ದದ್ದು ಇದು ಮಾತ್ರ. ಇತ್ತ ಮಾಸ್ಟ್ರಿಗೆ ಗೊತ್ತಿದ್ದದ್ದು ಅದು ಮಾತ್ರ.

"ಉಂಡ್ ಸಾರ್! ಮುಪ್ಪತ್ತಿರಂಡ್ ಮರಪಟ್ಟಿ ಉಂಡ್!" ಎಂದರು ಮಾಸ್ಟ್ರು, ಹೆಮ್ಮೆಯಿಂದ.

ಆ ಕಡೆ ಪೆನ್ನು ನಿಂತಿತು. "ಮೂವತ್ತೆರಡಾ? ಎಲ್ಲಿ?" ಎಂದರು ಪಿಳ್ಳೆ ತಮ್ಮ ಮಲಯಾಳದಲ್ಲೇ.

"ಶಾಲೆಯಲ್ಲಿ ಆಣ್. ಕಪಾಟಿನ ಒಳಗೆ ಆಣ್. ಬೀಗ ಹಾಕಿ ಆಣ್!"

"ಕಪಾಟಿನಲ್ಲಿ! ಯಾರು ತಂದದ್ದು?"

"ಕುಟ್ಟಿಗಳ್ ಸಾರ್! ಎಲ್ಲಾಂ ಕುಟ್ಟಿಗಳ್!" ಎಂದರು ಮಾಸ್ಟ್ರು, ಮಕ್ಕಳು ಎಂಬ ಅರ್ಥದಲ್ಲಿ. ಎಲ್ಲವೂ ಮರಿಗಳು ಎಂದು ಪಿಳ್ಳೆ ತಿಳಿದರು.

ಪಿಳ್ಳೆಯವರ ಧ್ವನಿ ಸಣ್ಣದಾಯಿತು. "ಜೀವನ್ ಉಂಡೋ?"

ಪಟ್ಟಿಯಲ್ಲಿ ಜೀವ ಉಂಟೇ ಎಂದು ಇಷ್ಟು ಚೆನ್ನಾಗಿ ಕೇಳುವ ಅಧಿಕಾರಿಯನ್ನು ಗುಣಪಾಲ ಮಾಸ್ಟ್ರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. "ಭಾರೀ ಜೀವನ್ ಉಂಡ್ ಸಾರ್! ಎರಡು ಮಾತ್ರ ನೀರಿಗೆ ಬಿದ್ದದ್ದು. ಅದನ್ನು ಬಿಸಿಲಿನಲ್ಲಿ ಒಣಗಿಸಿ ಆಣ್. ಒಳ್ಳೆಯದು ಮೂರನ್ನು ಲ್ಯಾಮಿನೇಷನ್ ಮಾಡಿ, ಗೋಡೆಗೆ ಆಣಿ ಹೊಡೆದು ಪ್ರದರ್ಶನ ಆಣ್!"

ಗೋಡೆಯ ಆಣಿ ಯಾವುದು, ವಾಕ್ಯದ ಆಣ್ ಯಾವುದು ಎಂದು ವಿಂಗಡಿಸುವ ಸ್ಥಿತಿಯಲ್ಲಿ ಪಿಳ್ಳೆ ಇರಲಿಲ್ಲ. ಫೋನ್ ಕಟ್ಟಾಯಿತು.

"ಎಂತ ಹೇಳಿದ್ರು ಮಾಸ್ಟ್ರೆ?" ಎಂದು ಟೀಚರುಗಳು ಕೇಳಿದರು.

"ಮಾತೇ ಹೊರಡಲಿಲ್ಲ ಅವರಿಗೆ," ಎಂದರು ಮಾಸ್ಟ್ರು. ಅದು ನಿಜವೂ ಆಗಿತ್ತು.

ಸಂಜೆ ನಾಲ್ಕಕ್ಕೆ ಪುನಃ ಫೋನ್ ಬಂತು. ಈ ಸಲ ಅರಣ್ಯ ಇಲಾಖೆಯದೇ ಬೇರೆ ಧ್ವನಿ. ಗಡಸು ಮಲಯಾಳ. ಅದರಲ್ಲಿ ಮಾಸ್ಟ್ರಿಗೆ ಹಿಡಿಯಲು ಸಿಕ್ಕಿದ್ದು ಐದೇ ಶಬ್ದ: ಮರಪ್ಪಟ್ಟಿ, ನಾಳೆ, ರೇಡ್, ಕೇಸ್, ಜಾಮೀನಿಲ್ಲ. ಅವರು ರಿಸೀವರ್ ಇಟ್ಟರು.

"ನಾಳೆ ಮರಪಟ್ಟಿ ಹಿಡಿಯಲಿಕ್ಕೆ ಬರ್ತಾರಂತೆ. ಕೇಸೂ ಉಂಟಂತೆ," ಎಂದರು ಸುಕುಮಾರನ ಮುಖ ನೋಡದೆ.

ಸುಕುಮಾರನಿಗೆ ಅಷ್ಟು ಸಾಕಾಗಿತ್ತು. ಅವನು ಮನೆಗೆ ಹೋಗುವ ದಾರಿಯಲ್ಲಿ ಎರಡು ಚಾ ಅಂಗಡಿ, ಒಂದು ರೇಷನ್ ಅಂಗಡಿ, ಒಂದು ಕ್ಷೌರದ ಅಂಗಡಿ ಸಿಗುತ್ತವೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಬಾಕಿ ಇದ್ದವರು ಶಾಲೆಯ ಪಿ.ಟಿ.ಎ. ಅಧ್ಯಕ್ಷ ಕಿಟ್ಟಣ್ಣ. ಗಡಿನಾಡಿನಲ್ಲಿ ಕನ್ನಡಕ್ಕೆ ಅನ್ಯಾಯವಾಗುವುದನ್ನು ಕಾದು ಕೂತ ಮನುಷ್ಯ. ಬಹಳ ತಿಂಗಳುಗಳಿಂದ ಹೇಳಿಕೊಳ್ಳುವಂಥ ಅನ್ಯಾಯ ಯಾವುದೂ ಸಿಕ್ಕಿರಲಿಲ್ಲ.

"ಮರದ ಪಟ್ಟಿ ಮಾಡಿದ್ದಕ್ಕೆ ಕೇಸಾ?" ಎಂದು ಅವರು ಸೋಪಿನ ಮುಖದಲ್ಲೇ ಎದ್ದು ನಿಂತರು. "ಯಾವ ಭಾಷೆಯಲ್ಲಿ ಮಾಡಿದ್ದು?"

"ಕನ್ನಡದಲ್ಲಿ."

"ಹಾಂ! ಅದು ಹೇಳು! ಮಲಯಾಳದಲ್ಲಿ ಮಾಡಿದ್ರೆ ಕೇಸ್ ಆಗ್ತಿತ್ತಾ? ನಮ್ಮ ಮಕ್ಕಳು, ನಮ್ಮ ಗುಡ್ಡೆ, ನಮ್ಮ ಮರ. ಕನ್ನಡದಲ್ಲಿ ಬರೆದರೆ ಇವರಿಗೆ ಎಂತ ಉರಿ? ನಾಳೆ ಬರ್ಲಿ!"

ಮನೆಯಲ್ಲಿ ಗುಣಪಾಲ ಮಾಸ್ಟ್ರ ಹೆಂಡತಿ ಹರಿಣಾಕ್ಷಿಗೆ ವಿಷಯ ಮಾಸ್ಟ್ರಿಗಿಂತ ಮೊದಲೇ ತಲಪಿತ್ತು. ಆಕೆ ಕಾಸರಗೋಡಿನಲ್ಲಿ ವಕೀಲರ ಗುಮಾಸ್ತನಾಗಿರುವ ತನ್ನ ಅಣ್ಣ ಪುರುಷೋತ್ತಮನಿಗೆ ಫೋನ್ ಹಚ್ಚಿ, ಗಂಡ ಚಪ್ಪಲಿ ಬಿಡುವ ಮೊದಲೇ ಕೈಗೆ ಕೊಟ್ಟಳು. ಇಪ್ಪತ್ತು ವರ್ಷ ಕಾಸರಗೋಡಿನ ಕೋರ್ಟಿನಲ್ಲಿದ್ದ ಪುರುಷೋತ್ತಮನಿಗೆ ಮಲಯಾಳ ಮಾತೃಭಾಷೆಯಷ್ಟೇ ಸಲೀಸು. ಮರಪ್ಪಟ್ಟಿ ಎಂದಾಗ ಅವನ ಕಣ್ಣಿಗೆ ಕಟ್ಟಿದ್ದು ಬಾಲವಿರುವ ಪ್ರಾಣಿಯೇ.

"ಭಾವ, ಎಂತ ಕೆಲಸ ಮಾಡಿದ್ದು ನೀವು! ಮೂವತ್ತೆರಡು ಮರಪಟ್ಟಿ ಕಪಾಟಿನಲ್ಲಿ ಉಂಟು ಅಂತ ನೀವೇ ಒಪ್ಪಿಕೊಂಡದ್ದು ಹೌದಾ?"

"ಹೌದಲ್ಲ. ಇದ್ದದ್ದನ್ನು ಇಲ್ಲ ಹೇಳ್ಲಿಕ್ಕೆ ಆಗ್ತದಾ?"

"ಹಾಗಾದ್ರೆ ಈಗಲೇ ಹೋಗಿ, ಎಲ್ಲವನ್ನೂ ಕಾಡಿಗೆ ಬಿಟ್ಟು ಬನ್ನಿ."

ಮಾಸ್ಟ್ರು ತುಸು ಯೋಚಿಸಿದರು. "ಕಾಡಿಗೆ ಬಿಟ್ರೆ ಗಾಳಿಗೆ ಹಾರಿ ಹೋಗ್ತದಲ್ಲ ಪುರುಷೋತ್ತಮ."

"ಹಾರ್ತದಾ? ಮರಪಟ್ಟಿ ಹಾರ್ತದಾ?"

"ಕಟ್ಟು ಬಿಚ್ಚಿದ್ರೆ ಹಾರ್ತದೆ."

"ಕಟ್ಟಿಯೂ ಹಾಕಿದ್ದೀರಾ! ದೇವರೇ. ತಿನ್ಲಿಕ್ಕೆ ಎಂತ ಹಾಕಿದ್ದೀರಿ?"

"ತಿನ್ಲಿಕ್ಕೆ ಎಂತ ಹಾಕುದು? ನುಸಿಗುಳಿಗೆ ಹಾಕಿದ್ದೇನೆ, ಆರು."

ಪುರುಷೋತ್ತಮ, "ಭಾವ, ಇನ್ನು ನೀವು ಯಾರ ಹತ್ತಿರವೂ ಎಂತದ್ದೂ ಮಾತಾಡಬೇಡಿ. ನಾನು ನಾಳೆ ವಕೀಲರನ್ನು ಕೇಳ್ತೇನೆ," ಎಂದು ಫೋನಿಟ್ಟ.

"ಅಣ್ಣ ಎಂತ ಹೇಳಿದ?" ಎಂದಳು ಹರಿಣಾಕ್ಷಿ.

"ಪಟ್ಟಿಯನ್ನು ಕಾಡಿಗೆ ಬಿಡಬೇಕಂತೆ."

"ಯಾಕೆ?"

ಮಾಸ್ಟ್ರು ಜಗಲಿಯಲ್ಲಿ ಕೂತು ಇದಕ್ಕೊಂದು ಕಾರಣ ಹುಡುಕಿದರು. ಸರಕಾರಿ ಕಾಡಿನ ಮರಗಳನ್ನು ಅಪ್ಪಣೆಯಿಲ್ಲದೆ ಲೆಕ್ಕ ಮಾಡುವುದು ಅಪರಾಧವಾಗಿರಬೇಕು. ಲೆಕ್ಕ ಮಾಡಿದ್ದನ್ನು ಅಲ್ಲಿಗೇ ವಾಪಸು ಕೊಟ್ಟರೆ ಶಿಕ್ಷೆ ಕಡಿಮೆಯಾಗಬಹುದು. ಕಾನೂನು ಎಷ್ಟು ಸೂಕ್ಷ್ಮ ಎಂದು ಅವರಿಗೆ ಆಶ್ಚರ್ಯವಾಯಿತು.

"ಅದೆಲ್ಲ ಬೇಡ," ಎಂದಳು ಹರಿಣಾಕ್ಷಿ. "ಆ ಕಟ್ಟನ್ನು ನಮ್ಮ ಬಚ್ಚಲ ಒಲೆಗೆ ಹಾಕಿ. ಮಕ್ಕಳಿಗೆ ಬೇರೆ ಬರೆಸಿದರಾಯ್ತು."

ಮಾಸ್ಟ್ರು ಎದ್ದರು, ಕಿಸೆಯ ಕೀಲಿಕೈ ಮುಟ್ಟಿ ನೋಡಿದರು, ಪುನಃ ಕೂತರು. ರಿಝ್ವಾನಾ ನಲವತ್ತೊಂದು ಮರಗಳನ್ನು ಬರೆದು, ಒಂದೊಂದರ ಎದುರೂ ಎಲೆಯ ಚಿತ್ರ ಮಾಡಿ, "ಸರ್, ಇದು ಪ್ರದರ್ಶನಕ್ಕೆ ಇಡ್ತೀರಲ್ಲ?" ಎಂದು ಮೂರು ಸಲ ಕೇಳಿ ಹೋಗಿದ್ದಳು. "ಅದು ಮಕ್ಕಳದ್ದು," ಎಂದರು ಮಾಸ್ಟ್ರು. "ನನ್ನದಾದ್ರೆ ಸುಡಬಹುದಿತ್ತು." ಹರಿಣಾಕ್ಷಿ ಒಳಗೆ ಹೋಗಿ, ಗಂಡ ಜೈಲಿಗೆ ಹೋಗುವಾಗ ಉಡಲು ಬೇಕೆಂದು ಎರಡು ಬಿಳಿ ಲುಂಗಿ ನೀರಿಗೆ ಹಾಕಿದಳು.

ಮರುದಿನ ಹತ್ತು ಗಂಟೆಗೆ ಶಾಲೆಯ ಗೇಟಿನಲ್ಲಿ ಐವತ್ತು ಜನ ಸೇರಿದ್ದರು. ಕಿಟ್ಟಣ್ಣ ಒಂದು ಹಳೆಯ ಫ್ಲೆಕ್ಸನ್ನು ತಿರುವಿ ಹಾಕಿ, ಅದರ ಬೆನ್ನಿಗೆ ಕೆಂಪು ಬಣ್ಣದಲ್ಲಿ 'ಮರಪಟ್ಟಿ ನಮ್ಮ ಹಕ್ಕು' ಎಂದು ಬರೆಸಿ ಕಟ್ಟಿಸಿದ್ದರು. ಇಬ್ಬರು ವರದಿಗಾರರೂ ಬಂದಿದ್ದರು, ಕನ್ನಡ ಪತ್ರಿಕೆಯವನೊಬ್ಬ, ಮಲಯಾಳ ಪತ್ರಿಕೆಯವನೊಬ್ಬ. ಬೋಜನನ್ನು ಕಾಡಿನ ಸಾಕ್ಷಿಯೆಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಅವನಿಗೆ ಸೊಪ್ಪಿನ ಹೊರೆ ಬಾಡುತ್ತದೆಂಬ ಚಿಂತೆ.

ಜೀಪು ಬಂತು. ಅದರ ಹಿಂದೆ ಇನ್ನೊಂದು ಜೀಪು. ಎರಡನೆಯದರಲ್ಲಿ ಆರು ಪಂಜರಗಳೂ ಎರಡು ಬಲೆಗಳೂ ಒಬ್ಬ ಪಶುವೈದ್ಯರೂ ಇದ್ದರು. ಮುಂದಿನದರಿಂದ ಪಿಳ್ಳೆ ಇಳಿದರು. ಮೊಣಕೈವರೆಗೆ ಚರ್ಮದ ಕೈಗವಸು ಹಾಕಿದ್ದ, ಮೀಸೆಯ ದಪ್ಪ ಮನುಷ್ಯ.

"ಮರಪಟ್ಟಿ ನಮ್ಮ ಹಕ್ಕು!" ಎಂದು ಕಿಟ್ಟಣ್ಣ ಕೂಗಿದರು.

"ಹಕ್ಕು! ಹಕ್ಕು!" ಎಂದಿತು ಜನ.

"ಪ್ರಾಣ ಕೊಟ್ಟೇವು, ಮರಪಟ್ಟಿ ಕೊಡೆವು!"

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಪಿಳ್ಳೆ ಕಳ್ಳಬೇಟೆಗಾರರನ್ನು ಕಂಡಿದ್ದರು, ಗಂಧದ ಕಳ್ಳರನ್ನು ಕಂಡಿದ್ದರು. ಪುನುಗು ಬೆಕ್ಕಿಗಾಗಿ ಪ್ರಾಣ ಕೊಡಲು ಹೊರಟ ಒಂದು ಊರನ್ನೇ ಕಂಡಿರಲಿಲ್ಲ. ಆಮೇಲೆ ಅವರೇ ಹೇಳಿದ ಪ್ರಕಾರ, ಆ ಕ್ಷಣಕ್ಕೆ ಕೊಲ್ಲಕ್ಕೆ ಹಿಂದಿರುಗುವ ಬಸ್ಸು ಎಷ್ಟು ಹೊತ್ತಿಗೆ ಎಂಬ ಯೋಚನೆ ಅವರ ತಲೆಯಲ್ಲಿ ಹಾದು ಹೋಯಿತಂತೆ. ಆದರೂ ಕರ್ತವ್ಯ ಬಿಡದೆ ಆಫೀಸಿನೊಳಗೆ ನುಗ್ಗಿದರು.

ಗುಣಪಾಲ ಮಾಸ್ಟ್ರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಪಾಟಿನ ಪಕ್ಕದಲ್ಲಿ ನಿಂತಿದ್ದರು. ಕಿಟಕಿಯ ಸರಳುಗಳಲ್ಲಿ ಮೂವತ್ತೆರಡು ಮಕ್ಕಳ ಮುಖ.

"ಇದಿಲಾಣೋ?" ಎಂದು ಪಿಳ್ಳೆ ಕಪಾಟು ತೋರಿಸಿದರು, ಇದರಲ್ಲೇ ಏನು ಎಂದು.

"ಅದರಲ್ಲೇ ಆಣ್," ಎಂದರು ಮಾಸ್ಟ್ರು. "ಆದರೆ ಒಂದು ಬಿನ್ನಹ ಆಣ್. ತಪ್ಪು ನನ್ನದು ಆಣ್. ಕುಟ್ಟಿಗಳನ್ನು ಬಿಟ್ಟುಬಿಡಿ."

ಪಿಳ್ಳೆ ಮರಿಗಳನ್ನು ಬಿಡಲೆಂದೇ ಬಂದವರು. ತಲೆಯಾಡಿಸಿ, ಕಪಾಟಿಗೆ ಕಿವಿಗೊಟ್ಟರು. ಒಳಗೆ ಸದ್ದಿಲ್ಲ. ಕೀಲಿಯ ತೂತಿಗೆ ಮೂಗು ಹಿಡಿದರು. ನುಸಿಗುಳಿಗೆಯ ವಾಸನೆ ಬಂತು. ಪಶುವೈದ್ಯರ ಕಡೆ ತಿರುಗಿ ನಿಧಾನವಾಗಿ ತಲೆ ಅಲ್ಲಾಡಿಸಿದರು. ವೈದ್ಯರು ಟೋಪಿ ತೆಗೆದರು.

ಇಬ್ಬರು ಗಾರ್ಡುಗಳು ಬಲೆ ಹಿಡಿದು ನಿಂತರು. ಮಾಸ್ಟ್ರು ಬೀಗ ತೆಗೆದರು. ಬಾಗಿಲು ಕಿರ್ರೆಂದಿತು. ಗಾರ್ಡುಗಳು ಕಣ್ಣು ಮುಚ್ಚಿ ಬಲೆ ಬೀಸಿದರು. ಬಲೆಯಲ್ಲಿ ಒಂದು ಕಟ್ಟು ಪುಸ್ತಕ, ಅರ್ಧ ಡಜನ್ ನುಸಿಗುಳಿಗೆ ಮತ್ತು ಗುಣಪಾಲ ಮಾಸ್ಟ್ರು ಸಿಕ್ಕಿಬಿದ್ದರು.

"ಮರಪ್ಪಟ್ಟಿ ಎವಿಡೆ?" ಎಂದು ಪಿಳ್ಳೆ ಗುಡುಗಿದರು.

"ಇದೇ ಆಣ್!" ಎಂದು ಮಾಸ್ಟ್ರು ಬಲೆಯೊಳಗಿಂದ ಪುಸ್ತಕ ಎತ್ತಿ ತೋರಿಸಿದರು. "ಮರಪಟ್ಟಿ! ಮರಪಟ್ಟಿ!"

"ಮರಪ್ಪಟ್ಟಿ!"

"ಮರಪಟ್ಟಿ!"

ಹೀಗೆ ಎಷ್ಟು ಹೊತ್ತು ನಡೆಯುತ್ತಿತ್ತೋ. ಆಗ ಬಾಗಿಲಿನಿಂದ ಒಂದು ಹೆಣ್ಣು ನಗು ಕೇಳಿಸಿತು. ಮಧ್ಯಾಹ್ನದ ಊಟ ಬೇಯಿಸುವ ಕುಂಞಾಮಿನ ಸೌಟು ಹಿಡಿದು ನಿಂತು, ಬಾಗಿಲ ಚೌಕಟ್ಟನ್ನು ಆತುಕೊಂಡು ನಗುತ್ತಿದ್ದಳು. ಮೊದಲು ಪಿಳ್ಳೆಯವರಿಗೆ ನೀರು ಹರಿದ ಹಾಗೆ ಮಲಯಾಳದಲ್ಲಿ ಏನೋ ಹೇಳಿದಳು. ಪಿಳ್ಳೆಯ ಬಾಯಿ ತೆರೆದುಕೊಂಡಿತು. ಆಮೇಲೆ ಈ ಕಡೆ ತಿರುಗಿದಳು.

"ಎಂತ ಮಾಸ್ಟ್ರೆ ನೀವು! ಅವರ ಮರಪ್ಪಟ್ಟಿಗೆ ಬಾಲ ಉಂಟು. ಪುನುಗು ಬೆಕ್ಕು ಅದು! ಅವರ ಭಾಷೆಯಲ್ಲಿ ನಿಮ್ಮ ಈ ಪುಸ್ತಕಕ್ಕೆ 'ಪಟ್ಟಿಕ' ಹೇಳ್ಬೇಕು. ಒಂದು 'ಕ' ಬಿಟ್ಟು ಊರನ್ನೆಲ್ಲ ಏಳಿಸಿದ್ರಲ್ಲ!"

"ನಿನಗೆ ಮಲಯಾಳ ಗೊತ್ತುಂಟಾ ಕುಂಞಾಮಿನ?" ಎಂದು ಟೀಚರೊಬ್ಬರು ಕೇಳಿದರು.

"ಹದಿನಾಲ್ಕು ವರ್ಷ ದುಬಾಯಿಯಲ್ಲಿ ಕೊಲ್ಲದವರ ಮನೆಯಲ್ಲೇ ಅಡುಗೆಗೆ ಇದ್ದದ್ದು. ಓದ್ಲಿಕ್ಕೂ ಬರ್ತದೆ. ಇಲ್ಲಿ ನನ್ನ ಹತ್ರ ಉಪ್ಪು ಹೆಚ್ಚಾಯ್ತು ಹೇಳುದಲ್ಲದೆ ಬೇರೆ ಎಂತ ಕೇಳಿದ್ದೀರಿ?"

ಮೌನದ ಮಹತ್ವ ಗುಣಪಾಲ ಮಾಸ್ಟ್ರಿಗೆ ಆಗ ಚೆನ್ನಾಗಿ ತಿಳಿಯಿತು.

ಸಮಸ್ಯೆ ಬಗೆಹರಿಯಿತು ಎಂದು ಸಾಮಾನ್ಯರು ತಿಳಿದಾರು. ಸಮಸ್ಯೆ ಶುರುವಾದದ್ದೇ ಇಲ್ಲಿಂದ. ಪಿಳ್ಳೆ ಮೂವತ್ತೆರಡು ಮರಪ್ಪಟ್ಟಿ ಎಂದು ಮೇಲಿನ ಆಫೀಸಿಗೆ ಬರೆದು ಕಳಿಸಿಯಾಗಿತ್ತು. ಜೀಪು ಬಂದದ್ದು, ವೈದ್ಯರು ಬಂದದ್ದು, ಆರು ಪಂಜರ ಬಂದದ್ದು ಎಲ್ಲ ರಿಜಿಸ್ಟರಿನಲ್ಲಿತ್ತು. ಮೂವತ್ತೆರಡು ಕಾಪಿ ಪುಸ್ತಕ ಹಿಡಿದುಕೊಂಡು ಹೋದರೆ ಮುಂದಿನ ವರ್ಗಾವಣೆ ಎಲ್ಲಿಗೆ ಎಂದು ಅವರಿಗೇ ಗೊತ್ತಿರಲಿಲ್ಲ. ಅವರು ಒಂದನೇ ತರಗತಿಯ ಸಣ್ಣ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಕೂತುಬಿಟ್ಟರು. ಹೊರಗೆ ಕಿಟ್ಟಣ್ಣನೂ, ಫೋಟೋ ತೆಗೆಯುವ ಮೊದಲು ಹೋರಾಟ ನಿಲ್ಲಿಸಲು ತಯಾರಿರಲಿಲ್ಲ. "ಬೆಕ್ಕೋ ಪಟ್ಟಿಯೋ, ಹಕ್ಕು ಹಕ್ಕೇ!" ಎಂದು ಕೂಗಿಸುತ್ತಿದ್ದರು.

ಕುಂಞಾಮಿನ ಪಿಳ್ಳೆಗೆ ಒಂದು ಗ್ಲಾಸು ಗಂಜಿತಿಳಿ ತಂದುಕೊಟ್ಟಳು. ಕುಡಿಯುತ್ತಾ ಅವರು ಸುಮ್ಮನೆ ಒಂದು ಪುಸ್ತಕ ಬಿಡಿಸಿದರು. ಅದು ರಿಝ್ವಾನಾಳದು. ಅಕ್ಷರ ಓದಲು ಬರದಿದ್ದರೂ ಎಲೆಯ ಚಿತ್ರ ನೋಡಿ, "ಕಾಞ್ಞಿರಂ?" ಎಂದರು. "ಕಾಸರಕ," ಎಂದಳು ರಿಝ್ವಾನಾ ಕಿಟಕಿಯಿಂದ. ಇನ್ನೊಂದು ಎಲೆ. "ಇಲಞ್ಞಿ?" "ರೆಂಜೆ!" ಎಂದು ಹತ್ತು ಮಕ್ಕಳು ಕೂಗಿದರು. ಪಿಳ್ಳೆ ಒಂದು ಕೈಗವಸು ಬಿಚ್ಚಿದರು. ಎರಡನೆಯ ಪುಸ್ತಕ, ಮೂರನೆಯ ಪುಸ್ತಕ. ಒಂಬತ್ತನೆಯದು ನೀರಿಗೆ ಬಿದ್ದು ಒಣಗಿದ್ದು, ಧನರಾಜನದು. ಅದರಲ್ಲಿ ಇದ್ದದ್ದು ಒಂದೇ ಮರ. ಕೆಳಗೆ ಎರಡು ಸಾಲು ಬರಹ. ಮರದ ತುದಿಯಲ್ಲಿ, ಶಾಯಿ ಕದಡಿ ಹೋದರೂ ಗುರುತು ಸಿಗುವಂತೆ, ಉದ್ದ ಬಾಲದ ಒಂದು ಚಿತ್ರ.

"ಇದೆಂದಾ?" ಎಂದು ಪಿಳ್ಳೆ ಗ್ಲಾಸು ಕೆಳಗಿಟ್ಟರು.

ಕುಂಞಾಮಿನ ಪುಸ್ತಕ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು. "ಬೈನೆ ಮರ. ಇದರ ಮಂಡೆಯಲ್ಲಿ ಬೆಕ್ಕಿನ ಹಾಗಿನದ್ದು ಒಂದು ಮಲಗಿದೆ."

"ಧನರಾಜ!" ಎಂದರು ಮಾಸ್ಟ್ರು. "ಇದನ್ನು ನನಗೆ ಯಾಕೆ ಹೇಳ್ಲಿಲ್ಲ ಮಾರಾಯ?"

"ನೀವೇ ಹೇಳಿದ್ದಲ್ಲ ಸರ್, ಎಂತ ಕಂಡರೂ ಬಾಯಿ ಮುಚ್ಚಿ ಬರೆಯಬೇಕು ಅಂತ," ಎಂದ ಧನರಾಜ್.

ಅರ್ಧ ಗಂಟೆಯಲ್ಲಿ ಇಡೀ ಮೆರವಣಿಗೆ ಪದವು ಹತ್ತುತ್ತಿತ್ತು. ಮುಂದೆ ಧನರಾಜ್, ಅವನ ಹಿಂದೆ ಪಿಳ್ಳೆ, ವೈದ್ಯರು, ಮೂವತ್ತೊಂದು ಮಕ್ಕಳು, ಫ್ಲೆಕ್ಸ್ ಹಿಡಿದ ಕಿಟ್ಟಣ್ಣನ ಜನ, ಇಬ್ಬರು ವರದಿಗಾರರು, ಸೌಟು ಕೆಳಗಿಡಲು ಮರೆತ ಕುಂಞಾಮಿನ. ಗುಣಪಾಲ ಮಾಸ್ಟ್ರು ಎಲ್ಲರಿಗಿಂತ ಹಿಂದೆ. ಸೀಟಿಯನ್ನು ಬೋಜ ಶಾಲೆಯಲ್ಲೇ ಕೇಳಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

ಪಳ್ಳದ ಆಚೆ ದಡದಲ್ಲಿ ಬೈನೆ ಮರ. ಧನರಾಜ್ ಬೆರಳು ತೋರಿಸಿದ. ಗರಿಗಳ ಬುಡದಲ್ಲಿ ಬೂದಿ ಬಣ್ಣದ ಒಂದು ಉಂಡೆ, ಅದರಿಂದ ಇಳಿಬಿದ್ದ ಬಾಲ. ಯಾರೂ ಉಸಿರೆತ್ತಲಿಲ್ಲ. ಕಿಟ್ಟಣ್ಣ ಕೂಡ ಬಾಯಿ ತೆರೆದವರು ಹಾಗೆಯೇ ಇದ್ದರು. ಉಂಡೆ ಒಮ್ಮೆ ಬಿಚ್ಚಿಕೊಂಡಿತು. ಕಪ್ಪು ಮುಖವೊಂದು ಹೊರಬಂದು, ನೆರೆದ ಅಷ್ಟೂ ಜನರನ್ನೂ ಮರಪಟ್ಟಿ ನಮ್ಮ ಹಕ್ಕು ಎಂಬ ಬರಹವನ್ನೂ ನಿಧಾನವಾಗಿ ನೋಡಿ, ಆಕಳಿಸಿ, ಪುನಃ ಮಲಗಿತು.

"ಸಾರ್," ಎಂದು ರಿಝ್ವಾನಾ ಪಿಸುಗುಟ್ಟಿದಳು, "ಇದನ್ನು ಹಿಡಿದುಕೊಂಡು ಹೋಗ್ತೀರಾ?"

ಕುಂಞಾಮಿನ ಅದನ್ನು ಮಲಯಾಳಕ್ಕೆ ತಿರುಗಿಸಿದಳು. ಪಿಳ್ಳೆ ಎರಡನೆಯ ಕೈಗವಸನ್ನೂ ಬಿಚ್ಚಿ ಕಿಸೆಗೆ ತುರುಕಿ, ಇಲ್ಲವೆಂದು ತಲೆಯಾಡಿಸಿದರು. ಅಲ್ಲೇ ಮುರಕಲ್ಲಿನ ಮೇಲೆ ಕೂತು ವರದಿ ಬರೆದರು. 'ಕುಟ್ಟಿಗಳು ಮೂವತ್ತೆರಡು, ಮರಪ್ಪಟ್ಟಿ ಒಂದು. ಮೊದಲ ವರದಿಯಲ್ಲಿ ಅಂಕಿಗಳು ಸ್ಥಾನ ಬದಲಾಯಿಸಿವೆ.' ಇಷ್ಟು ಚಂದದ ತಿದ್ದುಪಡಿಯನ್ನು ಮೇಲಿನ ಆಫೀಸಿನವರು ಕಂಡದ್ದಿಲ್ಲವಂತೆ.

ಮಲಯಾಳ ಪತ್ರಿಕೆಯಲ್ಲಿ ಮರಪ್ಪಟ್ಟಿಯನ್ನು ಉಳಿಸಲು ಒಂದಾದ ಗ್ರಾಮ ಎಂದು ಬಂತು. ಕನ್ನಡ ಪತ್ರಿಕೆಯಲ್ಲಿ ಕನ್ನಡ ಮರಪಟ್ಟಿಗೆ ಜಯ ಎಂದು ಬಂತು. ಎರಡರಲ್ಲೂ ಕಿಟ್ಟಣ್ಣನ ಫೋಟೋ ಇತ್ತು. ಶಾಲೆಯ ಮಲಯಾಳ ಕಾಗದಗಳು ಅಡುಗೆಮನೆಗೆ ಹೋಗತೊಡಗಿದವು. ಪಿಳ್ಳೆ ಮಾತ್ರ, ಇಂಥ ಅವಮಾನ ಇನ್ನೊಮ್ಮೆ ಆಗಬಾರದೆಂದು, ಪ್ರತಿ ಶನಿವಾರ ಮಾಸ್ಟ್ರ ಜಗಲಿಗೆ ಬಂದು ಕನ್ನಡ ಕಲಿಯಲು ಕೂತರು. ಎರಡು ತಿಂಗಳಲ್ಲಿ ಅವರ ಆಫೀಸಿನಲ್ಲಿ, ಪಿಳ್ಳೆ ಸಾರಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಸುದ್ದಿ ಹಬ್ಬಿತು.

ಫೆಬ್ರವರಿಯಲ್ಲಿ ಇಲಾಖೆಯವರು ಪಳ್ಳದ ದಡದಲ್ಲಿ ಬೈನೆ ಮರದ ಪಕ್ಕ ಎರಡು ಭಾಷೆಯ ಒಂದು ಹಸುರು ಫಲಕ ನಿಲ್ಲಿಸಿದರು. ಉದ್ಘಾಟನೆಗೆ ದೊಡ್ಡ ಅಧಿಕಾರಿಗಳು ಬಂದಿದ್ದರು. ಪಿಳ್ಳೆ ಪರದೆ ಸರಿಸಿದರು. ಮೇಲೆ ಮಲಯಾಳ. ಕೆಳಗೆ, ಯಾರಿಗೂ ತೋರಿಸದೆ ಪಿಳ್ಳೆಯವರೇ ಬರೆದ ಕನ್ನಡ: 'ಈ ಮರದಲ್ಲಿ ಮರಪಟ್ಟಿ ಉಂಟು. ಯಾರೂ ಮುಟ್ಟಬಾರದು.'

ಪಿಳ್ಳೆ ತಮ್ಮ ಮೇಲಧಿಕಾರಿಗಳ ಎದುರಿಗೇ ಮಾಸ್ಟ್ರ ಕಡೆ ತಿರುಗಿದರು. "ಮಾಷೇ, ಕನ್ನಡ ಸರಿ ಉಂಟಲ್ಲ?"

ಗುಣಪಾಲ ಮಾಸ್ಟ್ರು ಫಲಕ ನೋಡಿದರು. ಪಿಳ್ಳೆಯ ಮುಖ ನೋಡಿದರು. ಆ ಮುಖದ ಮೇಲಿದ್ದ ಬೆಳಕು ಅವರಿಗೆ ಹನ್ನೊಂದು ವರ್ಷದಿಂದ ಪರಿಚಯದ್ದು.

"ಫಸ್ಟ್ ಕ್ಲಾಸ್ ಸಾರ್," ಎಂದರು.

ಆಮೇಲೆ ಮಂಗಳೂರಿನ ಕಡೆಯಿಂದ ಪಳ್ಳ ನೋಡಲು ಬಂದವರು ಫಲಕ ಓದಿ, ಬೈನೆ ಮರಕ್ಕೆ ಎರಡು ಸುತ್ತು ಬಂದು, ಪಟ್ಟಿ ಎಲ್ಲಿ ಎಂದು ಬೋಜನನ್ನು ಪೀಡಿಸತೊಡಗಿದರು. ಇಲಾಖೆಯವರು ಪಟ್ಟಿ ಹಾಕದೆ ಬರೀ ಫಲಕ ಹಾಕಿದ್ದಾರೆಂದು ಒಬ್ಬರು ಪತ್ರಿಕೆಗೆ ಬರೆಯುವುದಾಗಿಯೂ ಹೇಳಿದರು. ಬೋಜ ಶಾಲೆಗೆ ಬಂದು ದೂರು ಕೊಟ್ಟ.

ಮರುದಿನ ಏಳನೇ ತರಗತಿಯವರು ರಿಝ್ವಾನಾಳ ನಲವತ್ತೊಂದು ಮರಗಳನ್ನು ದಪ್ಪ ರಟ್ಟಿನ ಮೇಲೆ ಬರೆದು, ಪ್ಲಾಸ್ಟಿಕ್ ಹೊದಿಸಿ, ಫಲಕದ ಕೆಳಗೆ ಕಟ್ಟಿ ಬಂದರು. ಮರಕ್ಕೆ ಆಣಿ ಹೊಡೆಯಲು ಬೋಜ ಬಿಡಲಿಲ್ಲ.